ಫರ್ವಾನಿಯಾದ ಮಾಷ್ಟ್ರಿಗೆ ನಾನು ಹೊದಿಸಿದ ಶಾಲು

ಇಳಿದ ದಿನ

ಕುವೈತಿನಲ್ಲಿ ವಿಪರೀತ ಸೆಕೆ ಎಂದು ನನ್ನನ್ನು ಹೆದರಿಸಿದವರೆಲ್ಲ ಸುಳ್ಳು ಹೇಳಿದ್ದಾರೆ. ವಿಮಾನ ನಿಲ್ದಾಣದ ಒಳಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿಯ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ಹೊರಗಿನ ಗಾಜಿನ ಬಾಗಿಲು ತೆರೆದಾಗ ಮಾತ್ರ ಹಂಚಿನ ಕಾರ್ಖಾನೆಯ ಭಟ್ಟಿಯ ಬಾಯಿಗೆ ಮುಖ ಕೊಟ್ಟ ಹಾಗಾಯಿತು. ಭಟ್ಟಿಯ ವಿಷಯ ನನಗೆ ಗೊತ್ತು. ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದಿದ್ದೇನೆ, ಅದರಲ್ಲಿ ಇಪ್ಪತ್ತಾರು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಸಂಘ ಮುಚ್ಚಿಲ್ಲ. ತಿಂಗಳಿಗೊಮ್ಮೆ ನಾವು ಏಳು ಜನ ಮುದುಕರು ಸೇರಿ ಸರ್ವಾನುಮತದಿಂದ ನಿರ್ಣಯಗಳನ್ನು ಅಂಗೀಕರಿಸುತ್ತೇವೆ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಎಪ್ಪತ್ತೈದರ ಎಮರ್ಜೆನ್ಸಿಯಲ್ಲಿ ನಾನು ಹತ್ತೊಂಬತ್ತು ದಿನ ಜೈಲಿನಲ್ಲಿದ್ದೆ. ಆಗ ನಾನು ಸಂಘದ ಸಾದಾ ಸದಸ್ಯ, ಮೀಸೆ ಸರಿಯಾಗಿ ಮೂಡಿರಲಿಲ್ಲ. "ಇವರ ಹತ್ತಿರ ಬಸ್ಸಿನ ಟೈಮು ಕೇಳಿದರೂ ಜೈಲಿನ ಕತೆ ಹೇಳಿಯೇ ಟೈಮು ಹೇಳುವುದು" ಎಂದು ನನ್ನ ಹೆಂಡತಿ ಇರುವಷ್ಟು ದಿನ ನಗಾಡುತ್ತಿದ್ದಳು.

ಪಾಸ್‌ಪೋರ್ಟಿನ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ ನಮ್ಮೆಲ್ಲರನ್ನೂ ದಾಟಿ ಮುಂದೆ ಹೋದ. ಸಾಲು ತಪ್ಪಿಸುವವರನ್ನು ಕಂಡರೆ ನನಗಾಗದು. "ಏನಯ್ಯಾ, ಕ್ಯೂ ಇದೆ ಇಲ್ಲಿ!" ಎಂದು ಗಟ್ಟಿಯಾಗಿ ಹೇಳಿದೆ. ಹಿಂದಿನಿಂದ ಯಾರಾದರೂ ದನಿಗೂಡಿಸುತ್ತಾರೆ ಎಂದು ಕಾದೆ. ನನ್ನ ಹಿಂದಿನ ನಲವತ್ತು ಜನ ಭಾರತೀಯರೂ ತಂತಮ್ಮ ಬೂಟುಗಳನ್ನು ನೋಡಿಕೊಂಡರು. ಆ ಮನುಷ್ಯ ಕೌಂಟರಿನ ಒಳಗೆ ಹೋಗಿ ಕುಳಿತು ನನ್ನ ಪಾಸ್‌ಪೋರ್ಟ್ ಕೇಳಿದ. ಅವನೇ ಅಧಿಕಾರಿ.

"ಮಾವ, ಇಲ್ಲಿ ದೊಡ್ಡ ಸ್ವರ ಮಾಡ್ಲಿಕ್ಕಿಲ್ಲ ಆಯ್ತಾ" ಎಂದು ಅಳಿಯ ದಿನೇಶ ಕಾರಿನಲ್ಲಿ ಹೇಳಿದ. ಅವನು ಅಹ್ಮದಿಯ ತೈಲ ಕಂಪೆನಿಯೊಂದಕ್ಕೆ ಗುತ್ತಿಗೆ ಕೆಲಸ ಮಾಡುವ ಸಂಸ್ಥೆಯಲ್ಲಿ ಇಂಜಿನಿಯರ್. ಮಗಳು ಸುಜಾತಾ ಆಸ್ಪತ್ರೆಯೊಂದರಲ್ಲಿ ಲ್ಯಾಬಿನ ಕೆಲಸದಲ್ಲಿದ್ದಾಳೆ. ಮೊಮ್ಮಗಳಿಗೆ ನನ್ನ ತುಳು ಅರ್ಥವಾಗುತ್ತದೆ, ಅವಳ ಇಂಗ್ಲಿಷು ನನಗೆ ಅರ್ಥವಾಗುವುದಿಲ್ಲ. ಹಾಗಾಗಿ ನಮ್ಮಿಬ್ಬರಲ್ಲಿ ಜಗಳವಿಲ್ಲ.

ಫರ್ವಾನಿಯಾ: ಲಿಫ್ಟಿನ ಹೋರಾಟ

ಮಗಳ ಮನೆ ಫರ್ವಾನಿಯಾದಲ್ಲಿ, ಐದನೇ ಮಹಡಿ. ಕೆಳಗಿನ ಬೀದಿಯಲ್ಲಿ ಬಂಗುಡೆ ಸಿಗುತ್ತದೆ, ಕುಚ್ಚಲಕ್ಕಿ ಸಿಗುತ್ತದೆ, ಮಲ್ಲಿಗೆ ಕೂಡ ವಿಮಾನದಲ್ಲಿ ಬರುತ್ತದೆ. ಮಂಗಳೂರು ಬಿಟ್ಟು ಬಂದ ಮೇಲೆ ಮಂಗಳೂರಿನ ಸಾಮಾನು ಹುಡುಕುವುದೇ ನಮ್ಮವರಿಗೆ ಅರ್ಧ ಕೆಲಸ. ಮೂರನೇ ದಿನ ಲಿಫ್ಟು ನಿಂತಿತು. ನನ್ನ ಮಂಡಿಗೆ ಐದು ಮಹಡಿ ಹತ್ತುವ ತಾಕತ್ತಿಲ್ಲ. ಎರಡು ದಿನ ಕಾದೆ. ಮೂರನೇ ದಿನ ಕಾಗದ, ಪೆನ್ನು ತೆಗೆದುಕೊಂಡು ಕುಳಿತೆ.

ಮನವಿ ಬರೆಯುವುದರಲ್ಲಿ ನನ್ನ ಕೈ ಪಳಗಿದೆ. ಐದು ಬೇಡಿಕೆ. ಏಳು ದಿನದ ಗಡುವು. ತಪ್ಪಿದಲ್ಲಿ ಮುಂದಿನ ಎಲ್ಲ ಪರಿಣಾಮಗಳಿಗೆ ಕಟ್ಟಡದ ಮಾಲೀಕರೇ ಹೊಣೆ. ಸಂಘದ ಇಂಗ್ಲಿಷಿನಲ್ಲಿ ಶುದ್ಧವಾಗಿ ಬರೆದು, ಕೆಳಗೆ ಸಹಿಗೆ ಗೆರೆ ಎಳೆದು, ನಮ್ಮ ಮಹಡಿಯ ಮನೆಮನೆ ಬಾಗಿಲು ತಟ್ಟಿದೆ. ಕೇರಳದ ನರ್ಸಮ್ಮ, ಈಜಿಪ್ಟಿನ ಲೆಕ್ಕಿಗ, ಲಾಹೋರಿನ ದರ್ಜಿ, ಎಲ್ಲರೂ ಒಳಗೆ ಕರೆದರು. ಚಹಾ ಕೊಟ್ಟರು. ಲಿಫ್ಟನ್ನೂ ಮಾಲೀಕನನ್ನೂ ಮನಸಾರೆ ಬೈದರು. ಪೆನ್ನು ಮುಂದೆ ಚಾಚಿದ ಕೂಡಲೇ ಒಬ್ಬರಿಗೆ ಒಲೆಯ ಮೇಲೆ ಹಾಲು ನೆನಪಾಯಿತು, ಇನ್ನೊಬ್ಬರಿಗೆ ನಮಾಜಿನ ಹೊತ್ತಾಯಿತು. ಸಂಜೆಗೆ ಏಳು ಚಹಾ ಆಗಿತ್ತು. ಸಹಿ ನನ್ನದೊಂದೇ.

ಸುಜಾತಾ ಕೆಲಸದಿಂದ ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಶುರು ಮಾಡಿದಳು. "ಅಪ್ಪ, ಎಂತ ಮಾಡಿದ್ದು ನೀವು? ಬಿಲ್ಡಿಂಗಿನವರೆಲ್ಲ ನನಗೆ ಫೋನ್ ಮಾಡ್ತಿದ್ದಾರೆ. ಇಲ್ಲಿ ಹೊರಗಿನವರು ಹೀಗೆಲ್ಲ ಗುಂಪು ಕಟ್ಟಿ ಸಹಿ ಹಾಕಿಸ್ಲಿಕ್ಕೆ ಉಂಟಾ? ಇಕಾಮಾ ಹೋದ್ರೆ ಎಲ್ಲರೂ ಗಂಟು ಕಟ್ಟಬೇಕು." ಇಕಾಮಾ ಎಂದರೆ ಇಲ್ಲಿ ವಾಸಿಸುವ ಪರವಾನಗಿ. ಇಲ್ಲಿಯವರ ಜೀವ ಎದೆಯಲ್ಲಿಲ್ಲ, ಆ ಕಾರ್ಡಿನಲ್ಲಿದೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕಟ್ಟಡದ ಕಾವಲುಗಾರ. ಇಂಥವರನ್ನು ಇಲ್ಲಿ ಹಾರಿಸ್ ಎನ್ನುತ್ತಾರೆ. ಮೆಟ್ಟಿಲು ಗುಡಿಸುವುದು, ಕಸ ಒಯ್ಯುವುದು, ಕಾರು ತೊಳೆಯುವುದು ಎಲ್ಲ ಅವರ ಕೆಲಸ. ಉದ್ದನೆಯ, ತೆಳ್ಳಗಿನ, ಅರ್ಧ ನೆರೆತ ಗಡ್ಡದ ಮನುಷ್ಯ. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದ. "ಆ ಕಾಗದ ನನಗೆ ಕೊಡುತ್ತೀರಾ?" ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಕೇಳಿದ. ಕಿತ್ತು ಹರಿಯುತ್ತಾನೆ ಎಂದುಕೊಂಡೆ. ಅವನು ನಿಂತಲ್ಲೇ ಓದಿದ. ಎರಡು ಸಲ ಓದಿದ.

"ಒಂದನೇ ಬೇಡಿಕೆ ಮತ್ತು ನಾಲ್ಕನೇ ಬೇಡಿಕೆ ಎರಡೂ ಒಂದೇ" ಎಂದ. "ಒಂದನ್ನು ತೆಗೆಯಿರಿ. ಮತ್ತೆ, ಮಾಲೀಕ ಸುಲಭವಾಗಿ ಒಪ್ಪಿಕೊಳ್ಳುವ ಸಣ್ಣ ಬೇಡಿಕೆ ಒಂದು ಇರಬೇಕು. ಅದು ಇದರಲ್ಲಿ ಇಲ್ಲ. ಅವನ ಮರ್ಯಾದೆ ಉಳಿಯಲು ದಾರಿ ಬಿಡದಿದ್ದರೆ ಮಾತುಕತೆಗೆ ಯಾಕೆ ಬರುತ್ತಾನೆ?"

ಇಪ್ಪತ್ತಾರು ವರ್ಷ ನಾನು ಹೊಸಬರಿಗೆ ಹೇಳಿಕೊಟ್ಟ ಪಾಠ ಅದು. ಅವಸರಕ್ಕೆ ನನಗೇ ಮರೆತುಹೋಗಿತ್ತು. "ನೀವು ಯಾವ ಸಂಘದ ಕಾರ್ಯದರ್ಶಿ?" ಎಂದು ಕೇಳಿದೆ. ಅವನು ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡ. "ನಾನು ಇಲ್ಲಿಯ ಹಾರಿಸ್" ಎಂದು ಹೇಳಿ ಮೆಟ್ಟಿಲಿಳಿದು ಹೋದ.

ಮರುದಿನ ಮಧ್ಯಾಹ್ನ ಲಿಫ್ಟು ಸರಿಯಾಯಿತು. ಐದನೇ ಮಹಡಿಯ ಮುದುಕನ ಹೃದಯ ದುರ್ಬಲ, ಮೆಟ್ಟಿಲಲ್ಲಿ ಏನಾದರೂ ಆದರೆ ಪೊಲೀಸು, ಆಸ್ಪತ್ರೆ ಎಂದು ಸುಮ್ಮನೆ ರಗಳೆ ಎಂದು ಅವನು ಮಾಲೀಕನಿಗೆ ಫೋನ್ ಮಾಡಿದ್ದನಂತೆ.

ಕಾರು ತೊಳೆಯುವ ಹೊತ್ತು

ನನಗೆ ಬೆಳಿಗ್ಗೆ ಐದಕ್ಕೆ ಎದ್ದು ಅಭ್ಯಾಸ. ಆ ಹೊತ್ತಿಗೆ ಅವನು ಕೆಳಗೆ ಬಾಲ್ದಿ, ಬಟ್ಟೆ ಹಿಡಿದು ಕಾರು ತೊಳೆಯುತ್ತಿರುತ್ತಿದ್ದ. ಮೊದಲ ದಿನ ನಿಂತು ನೋಡಿದೆ, ಎರಡನೇ ದಿನ ನಾನೂ ಒಂದು ಬಟ್ಟೆ ತೆಗೆದುಕೊಂಡೆ. "ಮನೆಯವರು ನೋಡಿದರೆ ನನಗೆ ಬೈಯುತ್ತಾರೆ" ಎಂದ. ಕಾರಿನ ಎಡಬದಿ ನನಗೆ ಬಿಟ್ಟುಕೊಟ್ಟ. ಅಳಿಯನ ಕಾರಿನ ಎಡಬದಿ ಒಂದು ವಾರ ಬಲಬದಿಗಿಂತ ಕೊಳಕಾಗಿತ್ತು.

ಕಟ್ಟಡದಲ್ಲಿ ಎಲ್ಲರೂ ಅವನನ್ನು "ಹಾರಿಸ್" ಎಂದೇ ಕೂಗುತ್ತಿದ್ದರು. ನಾಲ್ಕು ವರ್ಷದಲ್ಲಿ ಒಬ್ಬರೂ ಹೆಸರು ಕೇಳಿರಲಿಲ್ಲವಂತೆ. ಮನುಷ್ಯನನ್ನು ಅವನ ಕೆಲಸದ ಹೆಸರು ಹಿಡಿದು ಕೂಗಬಾರದು ಎನ್ನುವುದು ನಮ್ಮ ಸಂಘದ ಮೊದಲ ಪಾಠ. ನಾನು ಹೆಸರು ಕೇಳಿದೆ. ಅವನು ಆಚೀಚೆ ನೋಡಿ ತನ್ನ ಹೆಸರು, ತಂದೆಯ ಹೆಸರು, ಊರು, ಜಿಲ್ಲೆ ಎಲ್ಲ ಹೇಳಿದ. ಬಹಳ ದಿನದಿಂದ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಎಂದು ಆ ಹೇಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೆಂಪು ಸಮುದ್ರದ ಆಚೆ ಎಲ್ಲೋ ಒಂದು ದೇಶ ಎಂದಿಟ್ಟುಕೊಳ್ಳಿ. ಈಚೆಗೆ ಇದ್ದರೂ ಇರಬಹುದು. ಅಲ್ಲಿ ಅವರು ಶಾಲೆಯ ಮೇಷ್ಟರು, ಜಿಲ್ಲೆಯ ಶಿಕ್ಷಕರ ಸಂಘದ ಕಾರ್ಯದರ್ಶಿ. ಅದು ತಿಳಿದ ಮೇಲೆ ನನಗೆ ಏಕವಚನ ಬರಲಿಲ್ಲ. ನಮ್ಮ ಕಡೆಯ ಹಾಗೆ ಮಾಷ್ಟ್ರೇ ಎಂದು ಕರೆದೆ. ಅದರ ಅರ್ಥ ಕೇಳಿ ತಿಳಿದುಕೊಂಡು, ಬಾಲ್ದಿಯ ನೀರು ಬದಲಿಸುವ ನೆಪದಲ್ಲಿ ಸ್ವಲ್ಪ ಹೊತ್ತು ಆಚೆ ಹೋದರು.

ಅವರ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದ ಮೇಲೆ ಸೈನ್ಯ ಜಿಲ್ಲೆಗೆ ಇಳಿಯಿತು. ಇಳಿದುಕೊಳ್ಳಲು ಜಾಗ ಬೇಕಲ್ಲ, ಶಾಲೆಗಳಿಗೆ ನುಗ್ಗಿತು. ಶಿಕ್ಷಕರ ಸಂಘದ್ದು ಒಂದೇ ಬೇಡಿಕೆ: ಶಾಲೆ ಬಿಟ್ಟುಕೊಡಿ. ವಿರೋಧ ಪಕ್ಷದ ಸ್ಥಳೀಯ ಮುಖಂಡನೊಬ್ಬನೂ ಬಂದು ಮನವಿಗೆ ಸಹಿ ಹಾಕಿದ. ಮಾರನೇ ವಾರ ಲಾರಿಗಳು ಬಂದವು. ಆ ಮುಖಂಡನನ್ನೂ ಸಂಘದ ಸಮಿತಿಯಲ್ಲಿದ್ದವರನ್ನೂ ಹಿಡಿದು ತಂದು ಅದೇ ಶಾಲೆಯಲ್ಲಿ ಕೂಡಿಹಾಕಿದರು, ಮಾಷ್ಟ್ರು ಗಣಿತ ಕಲಿಸುತ್ತಿದ್ದ ಏಳನೇ ತರಗತಿಯ ಕೋಣೆಯಲ್ಲಿ. ಮಾಷ್ಟ್ರು ಆ ದಿನ ಬೇರೆ ಊರಿಗೆ ಸಾವಿನ ಮನೆಗೆ ಹೋಗಿದ್ದರಿಂದ ತಪ್ಪಿಸಿಕೊಂಡರು. ಪಕ್ಷದ ಮುಖಂಡ ಮೂರು ತಿಂಗಳ ಮೇಲೆ ಹೊರಗೆ ಬಂದಾಗ ಎರಡು ಕೈಗಳಲ್ಲೂ ಚಮಚ ಹಿಡಿಯಲು ಆಗುತ್ತಿರಲಿಲ್ಲ. ಸಂಘದ ಅಧ್ಯಕ್ಷೆ ಒಬ್ಬರು ಹಿರಿಯ ಟೀಚರು. ಅವರು ಹೊರಗೆ ಬರಲೇ ಇಲ್ಲ.

ಇಂಥದ್ದು ಕೇಳಿದಾಗ ನಾನು ಮಾಡುವುದು ಒಂದೇ ಕೆಲಸ. ನನ್ನ ಹತ್ತೊಂಬತ್ತು ದಿನಗಳ ಕತೆ ಹೇಳಿದೆ.

ಅವರು ಬಹಳ ಆಸಕ್ತಿಯಿಂದ ಕೇಳಿದರು. "ನಿಮ್ಮನ್ನು ಹಿಡಿದದ್ದು ಪೊಲೀಸರೋ, ಸೈನಿಕರೋ?"

"ಪೊಲೀಸರು."

"ಪುಸ್ತಕದಲ್ಲಿ ಹೆಸರು ಬರೆದುಕೊಂಡರಾ?"

"ಬರೆದುಕೊಂಡರು. ತಂದೆಯ ಹೆಸರು ತಪ್ಪು ಬರೆದಿದ್ದರು, ನಾನೇ ತಿದ್ದಿಸಿದೆ."

"ಒಳ್ಳೆಯದಾಯಿತು" ಎಂದರು. "ಸೈನಿಕರು ಬರೆದುಕೊಳ್ಳುವುದಿಲ್ಲ. ಹಾಗಾಗಿ ಆಮೇಲೆ ಕೇಳಲು ಹೋದರೆ, ಅಂಥವರು ಇಲ್ಲಿಗೆ ಬಂದೇ ಇಲ್ಲ ಎನ್ನುತ್ತಾರೆ." ಬಟ್ಟೆ ಹಿಂಡಿ ಕಾರಿನ ಕನ್ನಡಿಗೆ ನೇತುಹಾಕಿ, "ಇದು ನಿಮ್ಮ ಕಿವಿಗೆ ಮಾತ್ರ" ಎಂದರು. ನಾನು ಆಗಲಿ ಎಂದೆ.

ಅಹ್ಮದಿ

ಶುಕ್ರವಾರ ರಜೆ. ದಿನೇಶ ನನ್ನನ್ನು ಅಹ್ಮದಿ ನೋಡಲು ಕರೆದುಕೊಂಡು ಹೋದ. ತೈಲ ಕಂಪೆನಿಯ ಊರು ಅದು. ಸಾಲು ಮರ, ಕತ್ತರಿಸಿದ ಬೇಲಿ, ಒಂದೇ ಅಳತೆಯ ಮನೆಗಳು. ನಮ್ಮ ಹಳೆಯ ರೈಲ್ವೆ ಕಾಲೊನಿಯನ್ನು ಸೋಪು ಹಾಕಿ ತೊಳೆದು ಇಟ್ಟ ಹಾಗಿದೆ. ಮರುಭೂಮಿಯಲ್ಲಿ ಹುಲ್ಲಿಗೆ ನೀರು ಚಿಮ್ಮುವುದನ್ನು ಕಂಡು ನನ್ನ ಕಣ್ಣು ತಂಪಾಯಿತು. "ಇಲ್ಲಿ ಕಾರ್ಮಿಕರ ಸಂಘ ಉಂಟಾ?" ಎಂದು ಕೇಳಿದೆ. ದಿನೇಶ ಕಾರಿನ ಗಾಜು ಏರಿಸಿದ. "ಉಂಟು ಮಾವ. ಇಲ್ಲಿಯವರಿಗೆ. ನಮಗೆ ಕನ್ನಡ ಸಂಘ ಉಂಟಲ್ಲ, ಸಾಕು."

ಆ ಕನ್ನಡ ಸಂಘದ ಅಧ್ಯಕ್ಷ ವಾಲ್ಟರ್ ಅಲ್ಲೇ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾರೆ, ಮನೆಯೂ ಅಲ್ಲೇ. ದಿನೇಶ ನನ್ನನ್ನು ಅವರ ಮನೆಗೆ ಕರೆದೊಯ್ದ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಬಹಳ ಒಳ್ಳೆಯ ಮನುಷ್ಯ. ಊರಿಂದ ಬಂದ ಯಾರನ್ನೂ ಶಾಲು ಹೊದಿಸದೆ ವಾಪಸು ಕಳಿಸಿದ ದಾಖಲೆ ಅವರ ಅವಧಿಯಲ್ಲಿ ಇಲ್ಲ. ಹಿಂದಿನ ತಿಂಗಳು ಯಾರೂ ಬಾರದೆ ಇದ್ದುದರಿಂದ, ಮಂಡಿ ಚಿಕಿತ್ಸೆಗೆಂದು ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿಯನ್ನು ಸನ್ಮಾನಿಸಿದ್ದರು.

"ಸಂಜೀವಣ್ಣ, ನೀವು ಎಮರ್ಜೆನ್ಸಿಯಲ್ಲಿ ಜೈಲಿಗೆ ಹೋದವರು ಮಾರಾಯ್ರೆ! ನಿಮ್ಮಂಥವರು ಸಿಗ್ಲಿಕ್ಕೆ ಉಂಟಾ? ಮುಂದಿನ ಶುಕ್ರವಾರ ಅಬ್ಬಾಸಿಯಾದ ಹಾಲಿನಲ್ಲಿ ಪ್ರೋಗ್ರಾಮ್ ಉಂಟು, ಬರಲೇಬೇಕು" ಎಂದು ನನ್ನ ಎರಡೂ ಕೈ ಹಿಡಿದರು. ಆಮೇಲೆ ಸ್ವರ ತಗ್ಗಿಸಿ, "ಒಂದೇ ಒಂದು ರಿಕ್ವೆಸ್ಟ್. ರಾಜಕೀಯ ಮಾತ್ರ ಬೇಡ. ಪರ್ಮಿಶನ್ ಇರುವುದು ಮಕ್ಕಳ ಡಾನ್ಸಿಗೆ" ಎಂದರು.

ರಾಜಕೀಯ ಬಿಟ್ಟು ಎಮರ್ಜೆನ್ಸಿಯ ಬಗ್ಗೆ ಮಾತಾಡುವುದು ಹೇಗೆ ಎಂದು ಒಂದು ವಾರ ಯೋಚಿಸಿದೆ. ಕಾರು ತೊಳೆಯುವಾಗ ಮಾಷ್ಟ್ರನ್ನೂ ಕರೆದೆ. ಅವರು ಬೇಡ ಎಂದರು. ನೀರ್‌ದೋಸೆ, ಕೋಳಿ ಗಸಿ ಉಂಟು ಎಂದೆ, ಆಗಲೂ ಬೇಡ ಎಂದರು. "ನಾನು ಮಾತಾಡುವಾಗ ಸಭೆಯಲ್ಲಿ ಸಂಘದ ಮನುಷ್ಯ ಒಬ್ಬರಾದರೂ ಇರಲಿ ಮಾಷ್ಟ್ರೇ" ಎಂದೆ. ಆ ಮಾತಿಗೆ ಮಣಿದರು.

ಅಬ್ಬಾಸಿಯಾ: ಸನ್ಮಾನ

ಅಬ್ಬಾಸಿಯಾದಲ್ಲಿ ನಮ್ಮ ದೇಶದವರೇ ತುಂಬಿದ್ದಾರೆ. ಹಾಲಿನಲ್ಲಿ ಇನ್ನೂರು ಜನ ಇದ್ದರು. ಪ್ರಾರ್ಥನೆ, ಸ್ವಾಗತ, ಸ್ವಾಗತಕ್ಕೆ ಧನ್ಯವಾದ, ಡಾನ್ಸು ಎಲ್ಲ ಮುಗಿದು ನನ್ನ ಸರದಿ ಬಂತು. ಪೇಟ ಇಟ್ಟರು, ಹಾರ ಹಾಕಿದರು, ಜರಿಯ ಶಾಲು ಹೊದಿಸಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಅದರ ಮೇಲೆ ಸ್ಮರಣಿಕೆ ಇಟ್ಟ ಮೇಲೆ ನನಗೆ ಸಭೆ ಕಾಣುವುದು ನಿಂತಿತು. ನಿರೂಪಕಿ ಸನ್ಮಾನಪತ್ರ ಓದಿದಳು. "ತುರ್ತು ಪರಿಸ್ಥಿತಿಯ ಕರಾಳ ದಿನಗಳಲ್ಲಿ ಹತ್ತೊಂಬತ್ತು ತಿಂಗಳು ಸೆರೆವಾಸ ಅನುಭವಿಸಿದ ಧೀಮಂತ" ಎಂದಳು.

ದಿನ ಹೋಗಿ ತಿಂಗಳಾಗಿತ್ತು. ಯಾರ ಕೈತಪ್ಪೋ ಗೊತ್ತಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಕು ಹಿಡಿದ ಕೂಡಲೇ ತಿದ್ದಬೇಕಿತ್ತು. ತಿದ್ದಲಿಲ್ಲ. ಎಪ್ಪತ್ತು ದಾಟಿದವನಿಗೆ ಇನ್ನೂರು ಜನ ಎದ್ದು ನಿಲ್ಲುವುದು ದಿನವೂ ಸಿಗುವಂಥದ್ದಲ್ಲ. ಆದರೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾಷ್ಟ್ರು ಕುಳಿತಿದ್ದರು. ಅವರನ್ನು ಕಂಡು ಒಳಗೆ ಚುಚ್ಚಿತು. ಸುಳ್ಳನ್ನು ತಿದ್ದುವ ಬದಲು ದೊಡ್ಡ ಮನಸ್ಸು ತೋರಿಸಿದರೆ ಸಮ ಆಗುತ್ತದೆ ಎಂದು ಆ ಗಳಿಗೆಯಲ್ಲಿ ಅನಿಸಿತು.

"ಈ ಶಾಲಿಗೆ ಅರ್ಹ ನಾನಲ್ಲ" ಎಂದೆ. ಇದು ನಮ್ಮ ವೇದಿಕೆಗಳಲ್ಲಿ ಎಲ್ಲರೂ ಹೇಳುವ ಮಾತು, ಹೇಳಿ ಶಾಲು ಮನೆಗೆ ಒಯ್ಯುತ್ತಾರೆ. ನಾನು ಹಾಗೆ ಮಾಡಲಿಲ್ಲ. ಮಾಷ್ಟ್ರ ಪೂರ್ತಿ ಹೆಸರು ಹೇಳಿದೆ. ಊರು, ಜಿಲ್ಲೆ, ಸಂಘ, ಲಾರಿಗಳು, ಏಳನೇ ತರಗತಿಯ ಕೋಣೆ, ಎಲ್ಲ ಹೇಳಿದೆ. ವೇದಿಕೆಗೆ ಬನ್ನಿ ಎಂದು ಕೂಗಿದೆ. ಅವರು ಎದ್ದು ಬಾಗಿಲ ಕಡೆ ತಿರುಗಿದರು. ನಮ್ಮ ಕಾರ್ಯಕರ್ತರು ಇಬ್ಬರು, ಪಾಪ, ಸಂಕೋಚದ ಮನುಷ್ಯ ಎಂದುಕೊಂಡು ಪ್ರೀತಿಯಿಂದ ರಟ್ಟೆ ಹಿಡಿದು ಕರೆತಂದರು. ನನ್ನ ಶಾಲು ತೆಗೆದು ಅವರಿಗೆ ಹೊದಿಸಿದೆ. ಪೇಟವನ್ನೂ ಇಟ್ಟೆ. ಅವರು ಮುಖಕ್ಕೆ ಎರಡೂ ಕೈ ಅಡ್ಡ ತಂದರು. ಆನಂದಬಾಷ್ಪ ಎಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ವಾಲ್ಟರ್ ಬಂದು ಮಾಷ್ಟ್ರ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, "ಭಾಯಿ, ಫೋಟೋ" ಎಂದರು. ಐವತ್ತು ಮೊಬೈಲುಗಳು ಮೇಲೆದ್ದಿದ್ದವು.

ಊಟಕ್ಕೆ ಹುಡುಕಿದಾಗ ಮಾಷ್ಟ್ರು ಇರಲಿಲ್ಲ. ಶಾಲನ್ನು ಮಡಚಿ ಕುರ್ಚಿಯ ಮೇಲೆ ಇಟ್ಟು ಹೋಗಿದ್ದರು. ನಾನು ಎರಡು ಸಲ ಗಸಿ ಹಾಕಿಸಿಕೊಂಡೆ.

ಮತ್ತೆ ಫರ್ವಾನಿಯಾ

ಮರುದಿನ ಬೆಳಿಗ್ಗೆ ಕಾರುಗಳು ತೊಳೆಯದೆ ನಿಂತಿದ್ದವು. ಹತ್ತು ಗಂಟೆಗೆ ಮಾಷ್ಟ್ರು ಮೇಲೆ ಬಂದು ಚಪ್ಪಲಿ ಹೊರಗೆ ಬಿಟ್ಟು ಕುಳಿತರು. ಸುಜಾತಾ ಚಹಾ ತಂದಳು. ಅವರು ಕುಡಿಯಲಿಲ್ಲ.

"ನಿನ್ನೆಯ ಫೋಟೋ ಅಳಿಸಿಹಾಕಿಸಬೇಕು" ಎಂದರು. ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. "ನನ್ನ ಊರಿನಲ್ಲಿ ನಾನು ಸತ್ತಿದ್ದೇನೆ."

ಆಮೇಲೆ ಬಿಡಿಸಿ ಹೇಳಿದರು. ಅವರು ತಪ್ಪಿಸಿಕೊಂಡ ಮೇಲೆ ಸೈನಿಕರು ಅವರ ತಮ್ಮನನ್ನು ಹಿಡಿದು ಒಯ್ದಿದ್ದರು, ಅಣ್ಣ ಬರುವವರೆಗೆ ನೀನೇ ಎಂದು. ಮನೆಯವರು ಸುದ್ದಿ ಹಬ್ಬಿಸಿದರು: ಗಡಿಯ ಹೊಳೆ ದಾಟುವಾಗ ಮುಳುಗಿಹೋದರು ಎಂದು. ಶವವಿಲ್ಲದೆ ಪ್ರಾರ್ಥನೆ ಮಾಡಿಸಿದರು. ಹೆಂಡತಿ ವಿಧವೆಯ ಬಟ್ಟೆ ಉಟ್ಟಳು, ಇವತ್ತಿಗೂ ಅದನ್ನೇ ಉಡುತ್ತಾಳೆ. ಕಮಾಂಡರ್ ಮನೆಗೆ ಬಂದು ಸಂತಾಪ ಹೇಳಿ ತಮ್ಮನನ್ನು ಬಿಟ್ಟ. ನಾಲ್ಕು ವರ್ಷದಿಂದ ಎಲ್ಲರೂ ಈ ಸಾವಿನ ನೆರಳಿನಲ್ಲಿ ಬದುಕುತ್ತಿದ್ದರು. "ಈಗ ಅವರು ಆ ಫೋಟೋ ನೋಡಿದರೆ ತಮ್ಮನನ್ನು ಮತ್ತೆ ಒಯ್ಯುತ್ತಾರೆ. ಈ ಸಲ ಮೋಸ ಮಾಡಿದ ಸಿಟ್ಟು ಬೇರೆ ಇರುತ್ತದೆ."

ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಸುಜಾತಾ ಮೊಬೈಲು ತೆಗೆದು ನೋಡಿದಳು. ಸಂಘದ ಪುಟದಲ್ಲಿ ಫೋಟೋ ಇತ್ತು. ಪೇಟ, ಶಾಲು, ಪಕ್ಕದಲ್ಲಿ ಹಲ್ಲು ಕಿರಿದು ನಿಂತ ನಾನು. ಕೆಳಗೆ ಇಂಗ್ಲಿಷಿನಲ್ಲಿ ಹೆಸರು, ದೇಶ, ಜಿಲ್ಲೆ, ಒಂದಕ್ಷರ ತಪ್ಪಿಲ್ಲದೆ. ನನ್ನ ಸೆರೆವಾಸವನ್ನು ತಿಂಗಳುಗಳಲ್ಲಿ ಬರೆದವರು ಇದನ್ನು ಮಾತ್ರ ಸರಿಯಾಗಿ ಬರೆದಿದ್ದರು.

ವಾಲ್ಟರಿಗೆ ಫೋನ್ ಮಾಡಿದೆ. "ತೆಗೆಯುವಾ ಸಂಜೀವಣ್ಣ, ಖಂಡಿತ ತೆಗೆಯುವಾ. ಆದರೆ ಪುಟ ನೋಡಿಕೊಳ್ಳುವವರು ಊರಿಗೆ ಹೋಗಿದ್ದಾರೆ. ಮತ್ತೆ ಅದರಲ್ಲಿ ಪ್ರಾಯೋಜಕರೂ ಇದ್ದಾರೆ ಅಲ್ವಾ, ಕಮಿಟಿಯಲ್ಲಿ ಒಂದು ನಿರ್ಣಯ ಆಗಬೇಕು" ಎಂದರು. ಜೀವಮಾನವಿಡೀ ನಿರ್ಣಯಗಳನ್ನು ಬರೆದ ನಾನು ಆ ಪದ ಕೇಳಿ ಮೊದಲ ಸಲ ಕೆಟ್ಟ ಬೈಗುಳ ಬೈದೆ, ಅದೂ ತುಳುವಿನಲ್ಲಿ. ವಾಲ್ಟರ್ ಗಾಬರಿಯಾಗಿ ಊರಿನಲ್ಲಿದ್ದವರನ್ನು ಹಿಡಿದು ಸಂಜೆ ನಾಲ್ಕಕ್ಕೆ ಫೋಟೋ ಅಳಿಸಿಹಾಕಿಸಿದರು. ಅಷ್ಟರಲ್ಲಿ ಊರಿನ ಒಂದು ಸುದ್ದಿತಾಣದಲ್ಲೂ ಬಂದಿತ್ತು. ಅಲ್ಲಿಗೂ ಫೋನ್ ಮಾಡಿದೆವು. ಸದಸ್ಯರ ಮನೆಮನೆಗೂ ಫೋನ್ ಮಾಡಿದೆವು. ಒಬ್ಬೊಬ್ಬರೂ ಮೊದಲು ನನಗೆ ಅಭಿನಂದನೆ ಹೇಳಿ, ಆಮೇಲೆ ವಿಷಯ ಕೇಳಿ, ಅಳಿಸುತ್ತೇವೆ ಎಂದರು.

ಸುಜಾತಾ ಮಾತ್ರ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಅಳಿಸುವ ಮೊದಲೇ ಫೋಟೋದ ಕೆಳಗೆ ಯಾರೋ ಅರಬ್ಬಿಯಲ್ಲಿ ಬರೆದಿದ್ದರು. ಮಾಷ್ಟ್ರಿಗೆ ತೋರಿಸಿದಳು. ಅವರು ಓದಿ ಹೇಳಿದರು: "ದೇವರು ದೊಡ್ಡವನು. ಇವರು ನನ್ನ ಮೇಷ್ಟರು. ಬದುಕಿದ್ದಾರೆ!"

ಶುಐಬಾ

ಬರೆದವನು ಮಾಷ್ಟ್ರ ಹಳೆಯ ವಿದ್ಯಾರ್ಥಿ. ಈಗ ಶುಐಬಾ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ, ಎರಡು ಮಕ್ಕಳ ತಂದೆ. ಜೊತೆಗೆ ದುಡಿಯುವ ಮಂಗಳೂರಿನವನೊಬ್ಬ ಆ ಫೋಟೋ ತೋರಿಸಿದ್ದನಂತೆ. ಇಬ್ಬರೂ ಒಂದೇ ದೇಶದಲ್ಲಿ, ಒಂದು ಗಂಟೆಯ ದಾರಿಯಲ್ಲಿ ಇದ್ದು ಪರಸ್ಪರ ಗೊತ್ತಿರಲಿಲ್ಲ. ದಿನೇಶ ರಜೆ ಹಾಕಿ ನಮ್ಮನ್ನು ಕರೆದೊಯ್ದ. ಮೊದಲ ದಿನದಿಂದ ನನಗೆ ಬುದ್ಧಿ ಹೇಳುತ್ತಿದ್ದವನು ಆ ದಿನ ಒಂದೂ ಮಾತಾಡಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು.

ಶುಐಬಾದಲ್ಲಿ ನೋಡಲು ಕೊಳವೆ, ಚಿಮಣಿ, ಬೇಲಿ ಅಷ್ಟೇ. ಗಾಳಿಗೆ ಕೊಳೆತ ಮೊಟ್ಟೆಯ ವಾಸನೆ ಇದೆ. ಗೇಟಿನ ಹೊರಗೆ ಕಾದೆವು. ಹೆಲ್ಮೆಟ್ ಹಾಕಿದ ಗಟ್ಟಿಮುಟ್ಟಾದ ಮನುಷ್ಯ ಓಡಿಬಂದು ಮಾಷ್ಟ್ರ ಕೈಯನ್ನು ಹಣೆಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ. ಮಾಷ್ಟ್ರು ಅಳು ನಿಲ್ಲುವವರೆಗೆ ಬೆನ್ನು ಸವರಿದರು. ಆಮೇಲೆ ಅವರ ಭಾಷೆಯಲ್ಲಿ ಒಂದೇ ಪ್ರಶ್ನೆ ಕೇಳಿದರು. ಅವನು ಉತ್ತರಿಸಿದ. ಮಾಷ್ಟ್ರು ಹೆಲ್ಮೆಟ್ಟನ್ನು ಅವನ ತಲೆಯ ಮೇಲೆ ಸರಿಯಾಗಿ ಕೂರಿಸಿ ಕೆಲಸಕ್ಕೆ ಹೋಗಲು ಹೇಳಿದರು.

"ಯಾರಿಗೆಲ್ಲ ಕಳಿಸಿದ್ದಾನಂತೆ?" ಎಂದು ಕಾರಿನಲ್ಲಿ ಕೇಳಿದೆ.

"ಊರಿನ ಎಲ್ಲರಿಗೂ" ಎಂದರು. "ಸಂತೋಷ ತಡೆಯಲು ಆಗಲಿಲ್ಲವಂತೆ."

ಅಲ್ಲಿಂದ ನಾಲ್ಕನೇ ದಿನ ಸೈನಿಕರು ತಮ್ಮನನ್ನು ಒಯ್ದರು. ಕಮಾಂಡರ್ ಮಾಷ್ಟ್ರ ಹೆಂಡತಿಯ ಕೈಯಲ್ಲೇ ಅವರಿಗೆ ಫೋನ್ ಮಾಡಿಸಿದ. ಅಣ್ಣ ಬಂದ ದಿನ ತಮ್ಮ ಮನೆಗೆ ಹೋಗಬಹುದು ಎಂದು ಮಾತು ಕೊಟ್ಟಿದ್ದಾನಂತೆ. ನಾಲ್ಕು ವರ್ಷದ ನಂತರ ಹೆಂಡತಿಯ ಸ್ವರ ಕೇಳಿದ್ದು ಆ ಕರೆಯಲ್ಲೇ ಎಂದು ಮಾಷ್ಟ್ರು ಹೇಳಿದರು.

ಮಾಷ್ಟ್ರು ಊರಿಗೆ ಹೊರಟರು. ಹೋಗಬೇಡಿ ಎಂದು ನಾನು ಬೇಡಿಕೊಂಡೆ. ವಿಶ್ವಸಂಸ್ಥೆಗೆ ಮನವಿ ಬರೆಯೋಣ, ಪತ್ರಿಕೆಗಳಿಗೆ ಕೊಡೋಣ, ನಮ್ಮ ಸಂಘದಿಂದ ಖಂಡನಾ ನಿರ್ಣಯ ಮಾಡಿಸುತ್ತೇನೆ ಎಂದೆಲ್ಲ ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ಗಡುವು ಎಷ್ಟು ದಿನ ಇಡುತ್ತೀರಿ?" ಎಂದು ಕೇಳಿದರು.

ವಿಮಾನ ನಿಲ್ದಾಣ

ನಾನು ಇದನ್ನು ಬರೆಯುವ ಹೊತ್ತಿಗೆ ತಮ್ಮನನ್ನು ಬಿಟ್ಟಿದ್ದಾರೆ. ಕಮಾಂಡರ್ ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ. ಶುಐಬಾದ ಕ್ರೇನಿನವನು ತಿಳಿಸಿದ. ಮಾಷ್ಟ್ರ ಬಗ್ಗೆ ಕೇಳಲು ಹೋದವರಿಗೆ, ಅಂಥವರು ಇಲ್ಲಿಗೆ ಬಂದಿಲ್ಲ ಎಂಬ ಉತ್ತರ ಸಿಕ್ಕಿದೆಯಂತೆ.

ಅವರನ್ನು ಬಿಡಲು ನಾನೂ ದಿನೇಶನೂ ಹೋಗಿದ್ದೆವು. ಒಂದು ಸಣ್ಣ ಚೀಲ ಬಿಟ್ಟರೆ ಬೇರೆ ಸಾಮಾನಿಲ್ಲ. ಸುಜಾತಾ ಬುತ್ತಿ ಕಟ್ಟಿಕೊಟ್ಟಿದ್ದಳು. ದಿನೇಶ ಕಾರು ನಿಲ್ಲಿಸಿ ಬರಲು ಹೋದ. ಆ ತಣ್ಣಗಿನ ನಿಲ್ದಾಣದ ಬೆಂಚಿನ ಮೇಲೆ ನಾವಿಬ್ಬರೇ ಕುಳಿತೆವು. ಕ್ಷಮೆ ಕೇಳಿದೆ. ಹಿಂದೆಯೂ ಕೇಳಿದ್ದೆ, ಆಗಲೂ ಕೇಳಿದೆ. ಅವರು ತಲೆಯಾಡಿಸಿದರು, ಕ್ಷಮಿಸಿದ್ದೇನೆ ಎನ್ನಲಿಲ್ಲ.

ಆಮೇಲೆ, "ಒಂದು ವಿಷಯ ಕೇಳಬೇಕಿತ್ತು" ಎಂದರು. "ನೀವು ಒಳಗಿದ್ದು ಬಂದವರು. ನನಗೆ ಗೊತ್ತಿರುವವರಲ್ಲಿ ಒಳಗಿದ್ದು ಬಂದು ಚೆನ್ನಾಗಿರುವವರು ನೀವೊಬ್ಬರೇ. ಹತ್ತೊಂಬತ್ತನೇ ದಿನ ನಿಮ್ಮನ್ನು ಯಾಕೆ ಬಿಟ್ಟರು?"

ಐವತ್ತು ವರ್ಷದಲ್ಲಿ ನನ್ನ ಕತೆ ಕೇಳಿದವರು ಸಾವಿರ ಜನ ಇರಬಹುದು. ಯಾಕೆ ಹಿಡಿದರು ಎಂದು ಎಲ್ಲರೂ ಕೇಳಿದ್ದಾರೆ. ಯಾಕೆ ಬಿಟ್ಟರು ಎಂದು ಯಾರೂ ಕೇಳಿರಲಿಲ್ಲ. ನನ್ನ ಹೆಂಡತಿ ಕೂಡ ಕೇಳಿರಲಿಲ್ಲ.

"ಮುಚ್ಚಳಿಕೆ ಬರೆದುಕೊಟ್ಟೆ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಬೇಕಾಯಿತು. ಒಂದು ಕಾಗದ ಕೊಟ್ಟರು. ನಾನು ಮಾಡಿದ್ದು ತಪ್ಪು, ಇನ್ನು ಮುಂದೆ ಸಂಘದ ಕೆಲಸಕ್ಕೆ ಹೋಗುವುದಿಲ್ಲ, ಸರಕಾರದ ಕಾರ್ಯಕ್ರಮಗಳಿಗೆ ಬೆಂಬಲ ಕೊಡುತ್ತೇನೆ ಎಂದು ಅದರಲ್ಲಿತ್ತು. ನನಗೆ ಯಾರೂ ಹೊಡೆದಿರಲಿಲ್ಲ. ಹೊಡೆಯಬಹುದು ಎಂದು ಹೆದರಿಕೆಯಾಗಿತ್ತು. ಸಹಿ ಹಾಕಿದೆ. ಹೊರಗೆ ಬಂದಾಗ ಸಂಘದವರು ಹಾರ ಹಿಡಿದು ನಿಂತಿದ್ದರು.

ಮಾಷ್ಟ್ರು ನನ್ನ ಮುಖ ನೋಡುತ್ತಿರಲಿಲ್ಲ. ಲೆಕ್ಕ ಬಿಡಿಸುವವರ ಹಾಗೆ ನೆಲ ನೋಡುತ್ತಿದ್ದರು.

"ನಮ್ಮಲ್ಲೂ ಅಂಥ ಕಾಗದ ಕೊಡುತ್ತಾರೆ. ನಮ್ಮ ಅಧ್ಯಕ್ಷೆ ಸಹಿ ಹಾಕಲಿಲ್ಲ" ಎಂದರು. ಆಮೇಲೆ ಕೇಳಿದರು: "ಸಹಿ ಹಾಕಿದ ಮೇಲೂ ನೀವು ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದಿರಲ್ಲ?"

"ಇದ್ದೆ."

"ಕೆಲಸ ಮಾಡಿದಿರಾ? ನಿಜವಾಗಿ?"

"ಮಾಡಿದೆ ಮಾಷ್ಟ್ರೇ. ನಿಜವಾಗಿ ಮಾಡಿದೆ."

"ಹಾಗಾದರೆ ಆಗುತ್ತದೆ" ಎಂದರು. ನನ್ನಿಂದ ಇನ್ನೊಮ್ಮೆ ಕೇಳಬೇಕು ಎನ್ನುವ ಹಾಗೆ ಮುಖ ನೋಡಿದರು. "ಸಹಿ ಹಾಕಿದ ಮೇಲೂ ಕೆಲಸ ಮಾಡಲು ಆಗುತ್ತದೆ ಅಲ್ಲವೇ?"

ಓದದೆ ಸಹಿ ಹಾಕಬೇಡಿ ಎಂದು ಇಪ್ಪತ್ತಾರು ವರ್ಷ ಕಾರ್ಖಾನೆಯ ಗೇಟಿನ ಎದುರು ನಿಂತು ಕೂಗಿದವನು ನಾನು. "ಆಗುತ್ತದೆ" ಎಂದೆ. "ಹಾಕಿ ಮಾಷ್ಟ್ರೇ. ಕೊಟ್ಟ ಕೂಡಲೇ ಹಾಕಿ. ಓದಲಿಕ್ಕೆ ಹೋಗಬೇಡಿ."

ಅವರು ಎದ್ದು ನನ್ನ ಕೈ ಕುಲುಕಿ, ಚೀಲ ಹೆಗಲಿಗೆ ಹಾಕಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತರು.